ಜನವರಿಯ ಲೆಕ್ಕದಲ್ಲಿ ಒಬ್ಬ ಕಡಿಮೆ

ನನಗೆ ಮಲಯಾಳ ಬಂದದ್ದು ಕಳ್ಳತನದಿಂದ. ಕಾಸರಗೋಡಿನ ಕಡೆಯವನಾದರೂ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಕನ್ನಡ. ನನ್ನಲ್ಲಿದ್ದ ಪೇಟೆ ಮಲಯಾಳ ಬಸ್ಸು ಹತ್ತಿ ಇಳಿಯುವುದಕ್ಕೆ ಸಾಕಾಗುತ್ತಿತ್ತು, ಅಷ್ಟೆ. ಕೇರಳ ರಾಜ್ಯ ಒಂದಾದ ಮರುವರ್ಷ ಎರ್ನಾಕುಳಂನ ಉದ್ಯೋಗ ವಿನಿಮಯ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದಾಗ ಅದು ನಾಲ್ಕೇ ದಿನದಲ್ಲಿ ಕೈಕೊಟ್ಟಿತು. ಹಾಗಾಗಿ ಬೇರೆಯವರದ್ದನ್ನು ಎತ್ತಿಕೊಂಡೆ. ಜಗಳಕ್ಕೆ ಬೋಟಿನಲ್ಲಿ ಟಿಕೇಟು ಕೊಡುವವನ ಮಲಯಾಳ, ವಿನಯಕ್ಕೆ ಹೆಡ್ ಕ್ಲಾರ್ಕರದ್ದು, ಗತ್ತು ಬೇಕಾದಾಗ ಆಫೀಸರದ್ದು. ಮಾತಿನ ಜೊತೆಗೆ ಅವರವರ ಕೆಮ್ಮು, ಮೂಗೇರಿಸುವ ರೀತಿ, ಮುಂಡಿನ ತುದಿ ಎತ್ತಿ ಹಿಡಿಯುವ ಚಂದ ಎಲ್ಲವೂ ಬಿಟ್ಟಿಯಾಗಿ ಬಂದವು. ವರ್ಷ ತುಂಬುವುದರೊಳಗೆ ನಾನು ಆ ಕಚೇರಿಯ ಎಲ್ಲರೂ ಆಗಿಬಿಟ್ಟಿದ್ದೆ. ಟೈಪಿಸ್ಟು ಹುಡುಗಿ ಕಣ್ಣಲ್ಲಿ ನೀರು ಬರುವ ತನಕ ನಗುತ್ತಿದ್ದಳು. ಹೆಡ್ ಕ್ಲಾರ್ಕರು ಮಾತ್ರ ನಗು ಅಡಗಿಸಿಕೊಂಡು, "ಎಡೋ ಕಾಸರಗೋಡೇ, ನಿನಗೆ ಈ ಕೆಲಸ ಹೋದರೂ ಉಪವಾಸ ಬೀಳುವುದಿಲ್ಲ" ಎನ್ನುತ್ತಿದ್ದರು. ಅಲ್ಲಿ ನನ್ನ ಹೆಸರು ಕಾಸರಗೋಡು. ಇಡೀ ತಾಲೂಕಿನ ಮರ್ಯಾದೆ ನನ್ನೊಬ್ಬನ ಹೆಗಲ ಮೇಲಿತ್ತು, ಪಾಪ. ಅವರೆಲ್ಲ ಆಡಿದ್ದು ಮಲಯಾಳದಲ್ಲಿ. ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನನ್ನ ಕೆಲಸ ಹೇಳಲು ಸುಲಭ. ಕೊಚ್ಚಿ, ಎರ್ನಾಕುಳಂ, ಮಟ್ಟಾಂಚೇರಿ, ಆಚೆಗೆ ತ್ರಿಪ್ಪುಣಿತ್ತುರದ ತನಕ ಕೆಲಸವಿಲ್ಲದೆ ಇರುವವರು ಎಷ್ಟು ಎಂದು ತಿಂಗಳು ತಿಂಗಳು ಲೆಕ್ಕ ಹಾಕಿ ತಿರುವನಂತಪುರಕ್ಕೆ ಕಳಿಸುವುದು. ಕೆಲಸ ಬೇಕಾದವನು ಬಂದು ಹೆಸರು ಬರೆಸಿದರೆ ಅವನಿಗೊಂದು ಕಾರ್ಡು, ನಮಗೊಂದು ಕಾರ್ಡು. ನಮ್ಮ ಕಾರ್ಡು ಮರದ ಟ್ರೇಯಲ್ಲಿ ಅವನ ಕಸುಬಿನ ಸಾಲಿನಲ್ಲಿ, ಹೆಸರು ಬರೆಸಿದ ತಾರೀಕಿನ ಕ್ರಮದಲ್ಲಿ ನಿಲ್ಲುತ್ತದೆ. ಆ ಟ್ರೇಗಳಿಗೆಲ್ಲ ಸೇರಿ ಲೈವ್ ರಿಜಿಸ್ಟರ್ ಎಂದು ಹೆಸರು, ಅಂದರೆ ಜೀವ ಇರುವ ಪಟ್ಟಿ. ಯಾರಾದರೂ ಕೆಲಸಕ್ಕೆ ಜನ ಕೇಳಿದರೆ ತಾರೀಕಿನ ಪ್ರಕಾರ ಮುಂದೆ ನಿಂತವರ ಹೆಸರನ್ನು ಕಳಿಸುತ್ತೇವೆ. ಆದರೆ ಎರಡು ತಿಂಗಳಿಗೊಮ್ಮೆ ಅವನೇ ಬಂದು ಕಾರ್ಡಿಗೆ ಮುದ್ರೆ ಹಾಕಿಸಿಕೊಳ್ಳಬೇಕು. ಬಾರದಿದ್ದರೆ ತಿಂಗಳ ಕೊನೆಯ ದಿನ ಸಂಜೆ ನಾಲ್ಕಕ್ಕೆ ಅವನ ಕಾರ್ಡನ್ನು ಎಳೆದು ತೆಗೆದು ಕಪಾಟಿನ ಕೆಳಗಿನ ತಗಡಿನ ಪೆಟ್ಟಿಗೆಗೆ ಹಾಕುವುದು. ಆ ಪೆಟ್ಟಿಗೆಗೆ ಸರಕಾರಿ ಹೆಸರೇನೂ ಇರಲಿಲ್ಲ. ನಾವು ಸ್ಮಶಾನ ಎನ್ನುತ್ತಿದ್ದೆವು. ಪೆಟ್ಟಿಗೆಗೆ ಬಿದ್ದವನು ಮರುದಿನವೇ ಬಂದರೂ ಹೊಸದಾಗಿ ಹೆಸರು ಬರೆಸಬೇಕು, ಹೊಸ ತಾರೀಕು, ಸಾಲಿನ ಕಟ್ಟಕಡೆಗೆ.

ಲೆಕ್ಕವೂ ಸರಳ. ಹೋದ ತಿಂಗಳು ಉಳಿದವರಿಗೆ ಈ ತಿಂಗಳು ಹೊಸಬರನ್ನು ಕೂಡು. ಕೆಲಸ ಸಿಕ್ಕಿದವರನ್ನು ಕಳೆ, ಮುದ್ರೆಗೆ ಬಾರದವರನ್ನು ಕಳೆ. ನನ್ನ ಜೊತೆ ಒಂದೇ ಕೋಣೆಯಲ್ಲಿದ್ದ, ಮೈಸೂರಿನಿಂದ ಬ್ಯಾಂಕು ಕೆಲಸಕ್ಕೆ ಬಂದ ಗೆಳೆಯ ಇದನ್ನು ಕೇಳಿ ಒಂದು ದಿನ ಅಂದ: "ಅಲ್ಲಯ್ಯಾ, ಬಾರದೇ ಇದ್ದೋನಿಗೆ ಕೆಲಸ ಸಿಕ್ತೋ, ಜ್ವರ ಬಂತೋ, ಸತ್ತೇ ಹೋದ್ನೋ ನಿಮಗೇನು ಗೊತ್ತು?"

"ಗೊತ್ತಿಲ್ಲ ಮಾರಾಯ. ಎಂತ ಆದರೂ ನಿರುದ್ಯೋಗ ಕಡಿಮೆಯಾಯಿತಲ್ಲ."

ಆಗ ಇಬ್ಬರೂ ನಕ್ಕೆವು.

ಜನವರಿಯ ಕೊನೆಯ ದಿನ. ಮಧ್ಯಾಹ್ನ ಆಫೀಸರು ಕಲೆಕ್ಟರ ಕಚೇರಿಗೆ ಮೀಟಿಂಗಿಗೆ ಹೋಗಿದ್ದರು. ಹೆಡ್ ಕ್ಲಾರ್ಕರು ಹಿಂಬದಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹಳೆಯ ಫೈಲು ಹುಡುಕುತ್ತಿದ್ದರು. ಮೂರೂವರೆಗೆ ಚಹಾ ಬಂತೆಂದು ನಾನು ಮುದ್ರೆಯ ಕಿಟಕಿಯ ಬಾಗಿಲು ಎಳೆದುಕೊಂಡು ಒಳಗೆ ಬಂದೆ. ಹೊರಗೆ ಜಗಲಿಯಲ್ಲಿ ಏಳು ಜನ ಸಾಲು ನಿಂತಿದ್ದರು. ಟೈಪಿಸ್ಟು ಹುಡುಗಿ, "ಸಾರ್ ಇಲ್ಲದೆ ಆಫೀಸು ಬಣಗುಡುತ್ತಿದೆ, ಒಮ್ಮೆ ಸಾರನ್ನು ಕರೆಯಿರಿ" ಎಂದಳು. ಇಷ್ಟು ಹೇಳಿಸಿಕೊಳ್ಳಲಿಕ್ಕೆ ನಾನು ಕಾಯುತ್ತಿದ್ದವನೇ. ಆಫೀಸರ ಕೋಣೆಯ ಅರ್ಧಬಾಗಿಲು ತಳ್ಳಿ ಅವರ ಕುರ್ಚಿಯಲ್ಲೇ ಕುಳಿತೆ. ಅವರಿಗೆ ಮಾತಿಗೆ ಮೊದಲು ಬೆರಳಿನ ಉಂಗುರವನ್ನು ಮೇಜಿಗೆ ಮೂರು ಸಲ ಬಡಿಯುವ ಅಭ್ಯಾಸ. ನನ್ನಲ್ಲಿ ಉಂಗುರವಿಲ್ಲ, ಅವರ ಪೇಪರ್‌ವೇಟಿನಿಂದ ಬಡಿದೆ. ಆಮೇಲೆ ಹೊಟ್ಟೆಯ ಆಳದಿಂದ ಒಂದು "ಹ್ಂ". ಆಮೇಲೆ, ಪ್ರತಿ ಮಾತಿನ ಕೊನೆಯಲ್ಲಿ ಸ್ವಲ್ಪ ಕೆಳಗಿಳಿಯುವ ಅವರ ಧ್ವನಿಯಲ್ಲಿ: "ಇನಿ ನಾಳೆ ವನ್ನಾಲ್ ಮದಿ. ಎಲ್ಲಾವರುಂ ಪೊಯ್ಕ್ಕೋ." ಇನ್ನು ನಾಳೆ ಬಂದರೆ ಸಾಕು, ಎಲ್ಲರೂ ಹೋಗಿ.

ಒಳಗೆ ಚಹಾ ಚೆಲ್ಲುವಷ್ಟು ನಗು. ನಾನು ಇನ್ನೊಂದು ಸಲ "ಹ್ಂ" ಎಂದೆ. ಆಫೀಸರ ಕಿಟಕಿ ಜಗಲಿಗೇ ತೆರೆದಿತ್ತು ಎಂಬುದು ನನಗೆ ಗೊತ್ತಿತ್ತು. ಹೊರಗಿನವರೂ ನಗುತ್ತಾರೆ ಎಂದುಕೊಂಡಿದ್ದೆ. ಕೆಲಸವಿಲ್ಲದೆ ಸಾಲಿನಲ್ಲಿ ನಿಂತವರಿಗೆ ಆಫೀಸರ ಧ್ವನಿ ಎಂದರೆ ಏನು ಎಂದು ಯೋಚಿಸಿರಲಿಲ್ಲ. ಮುದ್ರೆಯ ಕಿಟಕಿ ತೆರೆದಾಗ ಜಗಲಿ ಖಾಲಿ. ಒಬ್ಬನೂ ಯಾಕೆ ಎಂದು ಕೇಳಿರಲಿಲ್ಲ.

ಓಡಿದೆ. ಚಹಾದಂಗಡಿಯಲ್ಲಿ ಮೂವರು ಸಿಕ್ಕರು, ಕಚೇರಿಯ ಗೇಟಿನ ಮರದಡಿ ಒಬ್ಬ, ಬೋಟ್ ಜೆಟ್ಟಿಯ ದಾರಿಯಲ್ಲಿ ಇಬ್ಬರು. "ತಮಾಷೆ ಚೇಟ್ಟಾ, ಬನ್ನಿ ಬನ್ನಿ" ಎಂದು ಕೈ ಹಿಡಿದು ಎಳೆದು ತಂದೆ. ಏಳನೆಯವನು ಮಟ್ಟಾಂಚೇರಿಯ ಬೋಟು ಹತ್ತಿದ್ದ. ಬೋಟು ದಡ ಬಿಟ್ಟಿತ್ತು; ಕಂಡದ್ದು ಒಂದು ಬಿಳಿ ಅಂಗಿಯ ಬೆನ್ನು, ಕಂಕುಳಲ್ಲಿ ಕೊಡೆ.

ನಾಲ್ಕು ಗಂಟೆಗೆ ಕಾರ್ಡುಗಳನ್ನು ಎಳೆಯಲು ಕುಳಿತೆ. ಎಳೆಯಬೇಕಾದವುಗಳಲ್ಲಿ ಒಂದು ಆ ಬಿಳಿ ಅಂಗಿಯವನದ್ದು ಎಂದು ಗೊತ್ತಿತ್ತು. ಯಾವುದು ಎಂದು ಗೊತ್ತಿರಲಿಲ್ಲ, ಹಾಗಾಗಿ ಕೈಗೆ ಕಷ್ಟವಾಗಲಿಲ್ಲ. ಲೆಕ್ಕ ಬರೆದೆ, ಆಫೀಸರು ಮೀಟಿಂಗಿನಿಂದ ಬಂದು ಸಹಿ ಹಾಕಿದರು, ಲಕೋಟೆ ಸಂಜೆಯ ಟಪಾಲಿಗೆ ಹೋಯಿತು. ಹಿಂದಿನ ತಿಂಗಳಿಗಿಂತ ಸಂಖ್ಯೆ ಇಳಿದಿತ್ತು. ಇಳಿದಾಗಲೆಲ್ಲ ಆಫೀಸರ ಮುಖ ಸ್ವಲ್ಪ ಅರಳುತ್ತಿತ್ತು, ಅವತ್ತೂ ಅರಳಿತು.

ಮರುದಿನ ಬೆಳಿಗ್ಗೆ ನಾವು ಬೀಗ ತೆಗೆಯುವಾಗಲೇ ಅವನು ಜಗಲಿಯಲ್ಲಿ ನಿಂತಿದ್ದ. ಮೂವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಅದೇ ಅಂಗಿ, ಅದೇ ಕೊಡೆ. ಹೇಳಿದ ಮಾತನ್ನು ಪಾಲಿಸಿದವನ ಸಮಾಧಾನ ಮುಖದಲ್ಲಿತ್ತು. ಹೆಡ್ ಕ್ಲಾರ್ಕರು ಕಾರ್ಡು ತೆಗೆದುಕೊಂಡು ಟ್ರೇಯಲ್ಲಿ ಹುಡುಕಿದರು, ಆಮೇಲೆ ಪೆಟ್ಟಿಗೆಯಲ್ಲಿ ಹುಡುಕಿದರು.

"ನಿನ್ನೆಯೇ ಕಡೇ ದಿನವಲ್ಲವೇನ್ರಿ?"

"ನಿನ್ನೆ ಬಂದಿದ್ದೆ ಸಾರೇ. ದೊಡ್ಡ ಸಾರ್ ನಾಳೆ ಬಂದರೆ ಸಾಕು ಅಂದರು."

"ದೊಡ್ಡ ಸಾರ್ ನಿನ್ನೆ ಮಧ್ಯಾಹ್ನ ಇಲ್ಲಿ ಇರಲೇ ಇಲ್ಲ."

"ನನ್ನ ಕಿವಿಯಲ್ಲಿ ಕೇಳಿದ್ದೇನೆ ಸಾರೇ. ಮೇಜು ಬಡಿದದ್ದೂ ಕೇಳಿತು."

"ನೋಡಿ, ಬರಲಿಕ್ಕೆ ಮರೆತಿರಿ ಅಂದರೆ ಅದೊಂದು. ಹೀಗೆ ಮುಖದ ಮೇಲೆ ಸುಳ್ಳು ಹೇಳಬೇಡಿ."

ಅವನ ಕಿವಿ ಕೆಂಪಾಯಿತು. ನನ್ನ ಕಡೆ ತಿರುಗಿದ. "ನೀವು ಒಳಗೇ ಇದ್ದಿರಲ್ಲ ಸಾರೇ. ನಿಮಗೂ ಕೇಳಿಸಿತಲ್ಲ?"

ಆ ಹೊತ್ತಿಗೆ ನನ್ನ ಹತ್ತಿರ ಹತ್ತು ಜನರ ಧ್ವನಿ ಇತ್ತು. ಒಂದೂ ಹೊರಡಲಿಲ್ಲ. "ನಾನು... ಗಮನಿಸಲಿಲ್ಲ" ಎಂದೆ.

ಅವನು ಹೆಡ್ ಕ್ಲಾರ್ಕರು ಕೊಟ್ಟ ಹೊಸ ಫಾರ್ಮನ್ನು ಬರೆಯದೆ ನಾಲ್ಕಾಗಿ ಮಡಚಿ ಕಿಸೆಯಲ್ಲಿಟ್ಟುಕೊಂಡು ಹೋದ. ಹೆಡ್ ಕ್ಲಾರ್ಕರು ಅವನ ಹಳೆಯ ಕಾರ್ಡನ್ನು ಹಿಡಿದುಕೊಂಡೇ ಇದ್ದರು. "ಸ್ಟೋರ್ ಕೀಪರ್. ಮಟ್ಟಾಂಚೇರಿಯಲ್ಲಿ ಕರಿಮೆಣಸಿನ ಗೋದಾಮು ಮುಚ್ಚಿದಾಗ ಕೆಲಸ ಹೋದವನು. ಎರಡೂವರೆ ವರ್ಷದಿಂದ ಒಂದು ಸಲವೂ ತಪ್ಪಿಸಿದವನಲ್ಲ ಕಣೋ" ಎಂದರು. ಆಮೇಲೆ, "ನದಿಯಾಚೆಯ ಹೊಸ ಕಾರ್ಖಾನೆಯವರು ಸ್ಟೋರ್ ಕೀಪರ್ ಕೇಳಿದ್ದಾರೆ. ಮುಂದಿನ ವಾರ ಹೆಸರು ಕಳಿಸಬೇಕು. ತಾರೀಕಿನ ಪ್ರಕಾರ ಇವನೇ ಮೊದಲು. ಇದ್ದ."

ಸಂಜೆ ಮೆಸ್ಸಿನಲ್ಲಿ ಮೈಸೂರಿನ ಗೆಳೆಯನಿಗೆ ಎಲ್ಲ ಹೇಳಿದೆ. ಅವನು ತಟ್ಟೆಯಿಂದ ಕೈ ಎತ್ತಿದ. "ನಿನ್ನ ಪ್ರೊಬೇಷನ್ ಮುಗಿಯೋದು ಯಾವಾಗ?"

"ಜೂನ್."

"ಹಾಗಾದ್ರೆ ಬಾಯಿ ಮುಚ್ಕೊಂಡಿರು. ಆಫೀಸರ್ ಕುರ್ಚಿ ಮೇಲೆ ಕೂತು ಆಫೀಸರ್ ಥರ ಆರ್ಡರ್ ಕೊಟ್ಟೆ ಅಂದ್ರೆ ಮನೆಗೆ ಕಳಿಸ್ತಾರೆ ಕಣಯ್ಯಾ. ಅವನ ಜೊತೆ ನಿನ್ನ ಹೆಸರೂ ನಿಮ್ಮ ರಿಜಿಸ್ಟರಿಗೆ ಸೇರುತ್ತೆ."

"ಅವನನ್ನು ಸುಳ್ಳ ಅಂದರಲ್ಲ ಮಾರಾಯ, ನನ್ನ ಎದುರೇ."

"ಅಂದ್ರು. ಈಗೇನು? ಮರ್ತೋಗ್ತಾನೆ."

ಮರೆಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಊಟ ಬಿಡಲಿಲ್ಲ. ಊಟ ಬಿಡುವಂಥ ದೊಡ್ಡ ಮನುಷ್ಯ ನಾನಲ್ಲ. ಎರಡನೇ ಸಲ ಸಾಂಬಾರು ಹಾಕಿಸಿಕೊಂಡೆ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು. ಆದರೆ ಸೋಮವಾರ ಬೆಳಿಗ್ಗೆ ಆಫೀಸರ ಅರ್ಧಬಾಗಿಲ ಮುಂದೆ ನಿಂತೆ.

ಅವರು ಪೂರ್ತಿ ಕೇಳಿದರು. ಉಂಗುರ ಬಡಿಯಲು ಕೈ ಎತ್ತಿದವರು, ಏನೋ ನೆನಪಾದಂತೆ ಕೈಯನ್ನು ಮಡಿಲಿಗೆ ಇಳಿಸಿಕೊಂಡರು. "ನಾನು ಹಾಗೆಯೇ ಮಾತಾಡುತ್ತೇನೆಯೇ?" ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ.

"ಆ ಮಾತು ನಾನು ಆಡಿದ್ದರೆ ಇವತ್ತೇ ಅವನ ಕಾರ್ಡನ್ನು ಟ್ರೇಗೆ ಹಾಕಬಹುದಿತ್ತು. ಅಧಿಕಾರಿಯ ಮಾತಿನಿಂದಾದ ತಪ್ಪನ್ನು ಅಧಿಕಾರಿ ತಿದ್ದಬಹುದು. ನೀನು ಆಡಿದ್ದನ್ನು ತಿದ್ದಲಿಕ್ಕೆ ನನಗೆ ಅಧಿಕಾರವಿಲ್ಲ."

ಆ ಮಾತು ತಾವೇ ಆಡಿದ್ದು ಎಂದು ಅವರು ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಅವರು ಬರೆಯಲಿಲ್ಲ, ಬರೆಯುವ ಜಾತಿಯವರೂ ಅಲ್ಲ. ಅವರು ಕಲೆಕ್ಟರ ಕಚೇರಿಯಲ್ಲಿದ್ದದ್ದು ಸತ್ಯವಾಗಿತ್ತು. ನಡೆದದ್ದನ್ನೆಲ್ಲ ನನ್ನಿಂದಲೇ ಬರೆಸಿ, ಕೆಳಗೆ ಶಿಫಾರಸು ಬರೆದು, "ನೀನೇ ತಿರುವನಂತಪುರಕ್ಕೆ ತೆಗೆದುಕೊಂಡು ಹೋಗು. ಟಪಾಲಿನಲ್ಲಿ ಕಳಿಸಿದರೆ ನಿನಗೆ ಸುಲಭವಾಗುತ್ತದೆ" ಎಂದರು.

ಕೋಟ್ಟಯಂ ದಾರಿಯ ಬಸ್ಸಿನಲ್ಲಿ ಇಡೀ ದಿನ ಕುಳಿತು ತಿರುವನಂತಪುರದ ತಂಬಾನೂರು ಬಸ್ ನಿಲ್ದಾಣದಲ್ಲಿ ಇಳಿದೆ. ಮರುದಿನ ಮುಖ್ಯ ಕಚೇರಿಯ ಅಂಕಿಅಂಶದ ವಿಭಾಗ. ಅಲ್ಲಿಯ ಸೂಪರಿಂಟೆಂಡೆಂಟ್ ಬಿಳಿ ಮುಂಡು ಉಟ್ಟು ಮೇಲೆ ಸೆರಗಿನಂತೆ ನೇರಿಯದು ಹೊದ್ದ, ದಪ್ಪ ಕನ್ನಡಕದ ಹೆಂಗಸು. ಗೋಡೆಯ ಮೇಲೆ ಉದ್ದಕ್ಕೆ ಗ್ರಾಫ್ ಕಾಗದ. ಒಂದೊಂದು ಊರಿಗೆ ಒಂದೊಂದು ಬಣ್ಣದ ಗೆರೆ. ನಮ್ಮದು ನೀಲಿ. ಜನವರಿಯಲ್ಲಿ ನೀಲಿ ಗೆರೆ ಕೆಳಗೆ ಬಾಗಿತ್ತು.

"ಎರ್ನಾಕುಳಂ! ಈ ತಿಂಗಳು ನಿಮ್ಮದೇ ಚೆನ್ನಾಗಿದೆ" ಎಂದು ನಗುತ್ತ ಕಾಗದ ತೆಗೆದುಕೊಂಡರು. ಓದುತ್ತ ಓದುತ್ತ ನಗು ನಿಂತಿತು. ಮತ್ತೊಮ್ಮೆ ಮೊದಲಿನಿಂದ ಓದಿದರು.

"ಆರು ಜನ ವಾಪಸು ಬಂದರು, ಒಬ್ಬ ಬರಲಿಲ್ಲ."

"ಹೌದು ಮೇಡಂ."

"ಆಫೀಸರ ಧ್ವನಿ ಎಂದು ಏಳು ಜನ ನಂಬುವುದು ಹೇಗೆ? ಅಷ್ಟು ಹೋಲುತ್ತದೆಯೇ? ಆಡಿ ತೋರಿಸಿ."

"ಮೇಡಂ..."

"ಫೈಲಿನಲ್ಲಿ ನಾನು ಬರೆಯಬೇಕಲ್ಲ. ಆಡಿ."

ಹತ್ತು ಹನ್ನೆರಡು ಮೇಜುಗಳು, ಅಷ್ಟೂ ಜನ ತಲೆ ಎತ್ತಿದರು. ಇಷ್ಟು ದೊಡ್ಡ ಸಭೆ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ. ಅವರ ಮೇಜನ್ನು ಮೂರು ಸಲ ಬಡಿದೆ. "ಹ್ಂ" ಎಂದೆ. ಆ ಎರಡು ವಾಕ್ಯ ಹೇಳಿದೆ. ಧ್ವನಿ ತಪ್ಪಲಿಲ್ಲ, ಎರ್ನಾಕುಳಂನಲ್ಲಿ ಬಂದದ್ದಕ್ಕಿಂತ ಚೆನ್ನಾಗಿಯೇ ಬಂತು, ನಾಚಿಕೆಗೇಡು. ಯಾರೂ ನಗಲಿಲ್ಲ. ಮೂಲೆಯಲ್ಲಿದ್ದ ಒಬ್ಬ ಮುದಿ ಜವಾನ ಆಫೀಸರನ್ನು ಹಿಂದೆ ಕಂಡಿದ್ದನೋ ಏನೋ, ಅರಿಯದೆ ಸ್ಟೂಲಿನಿಂದ ಎದ್ದು ನಿಂತ.

ಅವರು ಅದನ್ನು ನೋಡಿದರು. ಪೆನ್ನು ತೆರೆದು ಬರೆದರು. "ಅರ್ಜಿದಾರನು ಹೇಳಿದ್ದು ನಿಜವೆಂದು ಮನವರಿಕೆಯಾಗಿದೆ" ಎಂಬ ಸಾಲನ್ನು ನನಗೆ ಓದಿಯೂ ಹೇಳಿದರು. ಅದನ್ನು ಅವನಿಗೆ ಒಯ್ದು ಕೊಡಬೇಕು ಅನಿಸಿತು.

"ಹಳೆಯ ತಾರೀಕನ್ನೇ ಕೊಟ್ಟು ಕಾರ್ಡು ಟ್ರೇಗೆ ಹಾಕಬಹುದು. ಆದರೆ ಜನವರಿಯ ಲೆಕ್ಕ ದೆಹಲಿಗೆ ಹೋಗಿ ಆಯಿತು. ಅದರಲ್ಲಿ ಅವನು ಇಲ್ಲ, ಇರುವುದೂ ಇಲ್ಲ. ಫೆಬ್ರವರಿಯಲ್ಲಿ ಮರುಸೇರ್ಪಡೆ ಎಂದು ತೋರಿಸಿ" ಎಂದರು. ಆಮೇಲೆ ಗೋಡೆಯ ಕಡೆ ನೋಡಿ, "ಈ ಗೆರೆಯಲ್ಲಿ ಒಬ್ಬ ಎಂದರೆ ಪೆನ್ಸಿಲ್ ಮೊನೆಯಷ್ಟೂ ಆಗುವುದಿಲ್ಲ. ನೀವು ಬಾರದೇ ಹೋಗಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ" ಎಂದರು. ಹೊಗಳಿದ್ದೋ ಬೈದದ್ದೋ ನನಗೆ ಗೊತ್ತಾಗಲಿಲ್ಲ.

ಆದರೆ ಅವರ ಟಿಪ್ಪಣಿ ಸಾಲದು, ಮೇಲಿನ ಅಧಿಕಾರಿಯ ಸಹಿ ಬೇಕು. ಆ ಅಧಿಕಾರಿ ಪಾಲಕ್ಕಾಡಿನ ಕಡೆ ಪ್ರವಾಸದಲ್ಲಿದ್ದರು. ನಾನು ಬರಿಗೈಯಲ್ಲಿ ಹಿಂದಿರುಗಿದೆ. ಸಹಿಯಾದ ಕಾಗದ ಎರ್ನಾಕುಳಂ ಮುಟ್ಟುವ ಹೊತ್ತಿಗೆ ಕಾರ್ಖಾನೆಗೆ ಹೆಸರುಗಳು ಹೋಗಿ ಮೂರು ದಿನವಾಗಿತ್ತು. ಆಫೀಸರು ಎರಡು ಸಲ ಸಮಯ ಕೇಳಿ ಬರೆದಿದ್ದರು, ಟ್ರಂಕ್ ಕಾಲೂ ಮಾಡಿದ್ದರು. ಕಾರ್ಖಾನೆಯವರಿಗೆ ಸ್ಟೋರು ತೆರೆಯಬೇಕಿತ್ತು, ಕಾಯಲಾಗಲಿಲ್ಲ. ಸಾಲಿನಲ್ಲಿ ಅವನ ಹಿಂದೆ ಇದ್ದವನಿಗೆ ಆ ಕೆಲಸ ಸಿಕ್ಕಿತು.

"ಹೋಗಿ ಹೇಳಿ ಬಾ" ಎಂದರು ಆಫೀಸರು. ನನಗೆ ಶಿಕ್ಷೆ ಎಂದು ಆದದ್ದು ಪ್ರೊಬೇಷನ್ ಆರು ತಿಂಗಳು ಮುಂದಕ್ಕೆ ಹೋದದ್ದು. ನಿಜವಾದ ಶಿಕ್ಷೆ ಆ ಮೂರು ಮಾತು.

ಮಟ್ಟಾಂಚೇರಿಯಲ್ಲಿ ಒಣಶುಂಠಿಯ ಘಾಟು ತುಂಬಿದ ಒಂದು ಓಣಿಯ ಕೊನೆಯಲ್ಲಿ ಅವನ ಮನೆ. ತಾಯಿ ಬಾಗಿಲಲ್ಲಿದ್ದರು. "ಯಾರು ಮೋನೇ? ಕೆಲಸದ ಆಫೀಸಿನಿಂದಲೇ? ಆಫೀಸರೇ?" ಎಂದು ಒಂದೇ ಉಸಿರಿನಲ್ಲಿ ಕೇಳಿ, ಸೆರಗಿನಿಂದ ಬೆಂಚು ಒರೆಸಿದರು. "ಅಲ್ಲ ಅಮ್ಮಾ, ಕ್ಲಾರ್ಕು" ಎಂದ ಅವನು, ಒಳಗಿನಿಂದ ಬರುತ್ತ.

ನಾನು ಕೂರಲಿಲ್ಲ. ಆ ಧ್ವನಿ ನನ್ನದು ಎಂಬಲ್ಲಿಂದ ಕಾರ್ಖಾನೆಯ ತನಕ ಎಲ್ಲ ಹೇಳಿದೆ. ಮಧ್ಯೆ ಮಲಯಾಳ ಸಿಗದೆ ಎರಡು ಕಡೆ ಕನ್ನಡವೇ ಬಂತು, ಅವನು ತಡೆಯಲಿಲ್ಲ. ಸೂಪರಿಂಟೆಂಡೆಂಟರು ಬರೆದ ಸಾಲಿನ ನಕಲನ್ನು ಕೊಟ್ಟೆ. ಅದನ್ನು ಓದಿ ತಾಯಿಗೆ ಕೇಳಿಸುವಂತೆ, "ನಾನು ಸುಳ್ಳು ಹೇಳಲಿಲ್ಲ ಎಂದು ತಿರುವನಂತಪುರದಿಂದ ಬರೆದಿದ್ದಾರೆ" ಎಂದ. ಆ ಮುದುಕಿಗೆ ಅದರ ತಲೆಬುಡ ತಿಳಿಯಲಿಲ್ಲ.

"ಹಾಗಾದರೆ ಈಗ ನಾನು ಸಾಲಿನಲ್ಲಿ ಎಲ್ಲಿದ್ದೇನೆ ಸಾರೇ?"

"ಮೊದಲಿನವರು ನೀವೇ."

"ಇನ್ನೊಂದು ಸ್ಟೋರ್ ಕೀಪರ್ ಕೆಲಸ ಯಾವಾಗ ಬರುತ್ತದೆ?"

"ಗೊತ್ತಿಲ್ಲ ಚೇಟ್ಟಾ."

"ಮತ್ತೆ ಯಾವುದಕ್ಕೆ ಮೊದಲು?"

ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಅದನ್ನೂ ಒಂದು ದಿನ ಕಲಿತು ಆಡುತ್ತಿದ್ದೆನೇನೋ. ಅವನು ಕೊಡೆ ತೆಗೆದುಕೊಂಡು ಜೆಟ್ಟಿಯ ತನಕ ನನ್ನ ಜೊತೆ ಬಂದ.

ಎರಡು ತಿಂಗಳಿಗೊಮ್ಮೆ ಮುದ್ರೆಗೆ ಬರುತ್ತಿದ್ದ. ಈಗ ಕೊನೆಯ ದಿನಕ್ಕೆ ಕಾಯುತ್ತಿರಲಿಲ್ಲ, ಮೊದಲ ವಾರದಲ್ಲೇ ಬರುತ್ತಿದ್ದ. ಕಿಟಕಿಯಲ್ಲಿ ಕಾರ್ಡು ಕೊಡುವಾಗ ಒಳಗೆ ಒಮ್ಮೆ ಇಣುಕಿ, "ಇವತ್ತು ದೊಡ್ಡ ಸಾರ್ ಇದ್ದಾರೋ, ನೀವೇನೋ?" ಎನ್ನುತ್ತಿದ್ದ. ಟೈಪಿಸ್ಟು ಹುಡುಗಿ ಇದಕ್ಕೂ ನಕ್ಕಳು. ನಾನು ಮುದ್ರೆ ಹಾಕುತ್ತಿದ್ದೆ. ತಿಂಗಳ ಲೆಕ್ಕದಲ್ಲಿ ಸ್ಟೋರ್ ಕೀಪರರ ಸಾಲು ಬಂದಾಗ ಕೈ ತಾನಾಗಿ ನಿಧಾನವಾಗುತ್ತಿತ್ತು.

ಮರುವರ್ಷ ನನಗೆ ತಿರುವನಂತಪುರಕ್ಕೆ ವರ್ಗವಾಯಿತು, ಅದೇ ಸೂಪರಿಂಟೆಂಡೆಂಟರ ಕೈಕೆಳಗೆ. ಆ ಜವಾನ ನನ್ನನ್ನು ನೋಡಿದರೆ ಇವತ್ತಿಗೂ ಅನುಮಾನದಿಂದಲೇ ಚಹಾ ತಂದಿಡುತ್ತಾನೆ. ಈಗ ಎರ್ನಾಕುಳಂನ ಲೆಕ್ಕ ನನ್ನ ಮೇಜಿಗೆ ಬರುತ್ತದೆ. ನೀಲಿ ಗೆರೆ ಎಳೆಯುವವನು ನಾನೇ. ಬಾರದೇ ಹೋದವರನ್ನು ಕೋಷ್ಟಕದ ಬೇರೆ ಮನೆಯಲ್ಲಿ ಬರೆದು ಕಳಿಸಿ ಎಂದು ಎಲ್ಲ ಕಚೇರಿಗಳಿಗೂ ಸೂಪರಿಂಟೆಂಡೆಂಟರು ಸುತ್ತೋಲೆ ಕಳಿಸಿದ್ದಾರೆ. ಅರ್ಧಕ್ಕರ್ಧ ಕಚೇರಿಗಳು ಇನ್ನೂ ಆ ಮನೆಯನ್ನು ಖಾಲಿ ಬಿಡುತ್ತವೆ.

ಹೋದ ವಾರ ಅವನಿಂದ ಒಂದು ಅಂಚೆ ಕಾರ್ಡು ಬಂತು. ಬಂದರಿನ ಗೋದಾಮಿನಲ್ಲಿ ಸ್ಟೋರ್ ಕೀಪರ್ ಕೆಲಸಕ್ಕೆ ನಮ್ಮ ಎರ್ನಾಕುಳಂ ಕಚೇರಿ ಅವನ ಹೆಸರನ್ನು ಕಳಿಸಿತ್ತು, ಆರಿಸಿದ್ದಾರೆ. ಆದರೆ ತಾತ್ಕಾಲಿಕ, ಆರು ತಿಂಗಳಿಗೆ. ಸೇರಿದ ದಿನವೇ ಅವನ ಕಾರ್ಡು ಟ್ರೇಯಿಂದ ಹೊರಗೆ. ಆರು ತಿಂಗಳ ಮೇಲೆ ಅವರು ಬೇಡವೆಂದರೆ ಮತ್ತೆ ಹೆಸರು ಬರೆಸಬೇಕು, ಹೊಸ ತಾರೀಕಿನಲ್ಲಿ, ಸಾಲಿನ ಕೊನೆಯಲ್ಲಿ. ಸೇರದಿದ್ದರೆ ಈಗಿರುವ ಹಾಗೆ ಮೊದಲಿನವನಾಗಿಯೇ ಕಾಯಬಹುದು. "ಸೇರಲೋ ಬೇಡವೋ? ತಿರುವನಂತಪುರದಲ್ಲಿ ನನಗೆ ಗೊತ್ತಿರುವವರು ನೀವೊಬ್ಬರೇ. ಈ ಸಲ ಹೇಳುವುದನ್ನು ನಿಮ್ಮ ಸಹಿ ಹಾಕಿ ಹೇಳಿ" ಎಂದು ಬರೆದಿದ್ದ.

ಸೂಪರಿಂಟೆಂಡೆಂಟರಿಗೆ ತೋರಿಸಿದೆ. ನಿಯಮ ಹಾಗೆಯೇ ಇದೆ, ಬದಲಾಯಿಸಲು ಬರೆಯಬಹುದು, ವರ್ಷ ಹಿಡಿಯುತ್ತದೆ ಎಂದರು. ಉತ್ತರವನ್ನು ಅವರು ಹೇಳಿಕೊಡಲಿಲ್ಲ. ಎರಡು ದಿನ ಕಾರ್ಡು ಮೇಜಿನ ಮೇಲೇ ಇತ್ತು. ನಾಲ್ಕು ವರ್ಷದಿಂದ ಗೋದಾಮಿನ ಬೀಗದ ಕೈ ಹಿಡಿಯದ ಮನುಷ್ಯನಿಗೆ, ಇನ್ನೂ ಸಾಲಿನಲ್ಲಿ ನಿಂತಿರು ಎಂದು ಬರೆಯಲು ನನ್ನಿಂದಾಗಲಿಲ್ಲ. "ಸೇರಿ ಚೇಟ್ಟಾ" ಎಂದು ಬರೆದು, ಪೂರ್ತಿ ಹೆಸರಿನ ಸಹಿ ಹಾಕಿ, ನಾನೇ ಟಪಾಲು ಪೆಟ್ಟಿಗೆಗೆ ಹಾಕಿ ಬಂದೆ.

ಅವನು ಸೋಮವಾರ ಸೇರಿದ್ದಾನೆ. ಈ ತಿಂಗಳ ಲೆಕ್ಕದಲ್ಲಿ, ಕೆಲಸ ಸಿಕ್ಕಿದವರ ಮನೆಯಲ್ಲಿ, ಸ್ಟೋರ್ ಕೀಪರರ ಎದುರು ಒಂದು ಎಂದು ಬರೆದಿದ್ದೇನೆ. ನೀಲಿ ಗೆರೆ ಅಷ್ಟಕ್ಕೆ ಅಲುಗಲಿಲ್ಲ. ಆರು ತಿಂಗಳು ಮುಗಿಯುವುದು ಆಗಸ್ಟಿನಲ್ಲಿ.